ಎರಡು ಲೋಕಗಳಿಗೆ ಸೇರಿದ ಬೆಂಚು

ಆಕ್ಸ್‌ಫರ್ಡ್ ಊರಿನ ಉತ್ತರ ತುದಿಯ ಸಂಡರ್‌ಲ್ಯಾಂಡ್ ಅವೆನ್ಯೂದಲ್ಲಿ ಇಳಿಯುವ ಪ್ರವಾಸಿಗರು ಕಡಿಮೆ. ಊರನ್ನು ಬಳಸಿ ಹೋಗುವ ಹೆದ್ದಾರಿಯ ಒಂದು ತುಂಡು ಅದು. ವಾಹನಗಳ ಭರಾಟೆ ನಿಲ್ಲುವುದೇ ಇಲ್ಲ. ಪಕ್ಕದ ಹುಲ್ಲಿನಲ್ಲಿ ಹಾರ್ನ್‌ಬೀಮ್ ಮರಗಳ ಸಾಲು, ಅದರಾಚೆ ಮನೆಗಳು. ನಾನು ಆ ಮರಗಳ ಕೆಳಗೆ ನಿಂತು ಗಾಳಿಯನ್ನು ನೋಡುತ್ತಿದ್ದೆ. ಫಿಲಿಪ್ ಪುಲ್‌ಮನ್ ಅವರ ಕಾದಂಬರಿಯಲ್ಲಿ ವಿಲ್ ಪ್ಯಾರಿ ಎಂಬ ಹನ್ನೆರಡು ವರ್ಷದ ಹುಡುಗ, ಬೆಕ್ಕೊಂದು ನಡೆಯುತ್ತ ನಡೆಯುತ್ತಲೇ ಮಾಯವಾದದ್ದನ್ನು ಕಂಡದ್ದು ಇಲ್ಲಿಯೇ. ಹತ್ತಿರ ಹೋಗಿ ನೋಡಿದರೆ ಗಾಳಿಯಲ್ಲಿ ಯಾರೋ ಕೊರೆದಿಟ್ಟ ಒಂದು ಕಿಟಕಿ. ಒಂದು ಮಗ್ಗುಲಿನಿಂದ ಮಾತ್ರ ಕಾಣುತ್ತದೆ. ಆಚೆ ಬೇರೊಂದು ಲೋಕದ ಹುಲ್ಲು, ಬೇರೊಂದು ಲೋಕದ ಬೆಳದಿಂಗಳು. ಹುಡುಗ ನುಗ್ಗಿಬಿಡುತ್ತಾನೆ.

ಕಾಡು, ಕೋಟೆ, ಹಾಳು ದೇಗುಲಗಳನ್ನೆಲ್ಲ ಬಿಟ್ಟು ಲೋಕಾಂತರದ ಬಾಗಿಲನ್ನು ಟ್ರಾಫಿಕ್ ಗದ್ದಲದ ನಡುವೆ ಇಟ್ಟರಲ್ಲ, ಅಲ್ಲೇ ಪುಲ್‌ಮನ್ ನನ್ನನ್ನು ಗೆದ್ದುಕೊಂಡದ್ದು. ವಿಲ್ ಇರುವ ಆಕ್ಸ್‌ಫರ್ಡ್ ನಮ್ಮದೇ ಲೋಕದ್ದು. ರೈಲು ಹತ್ತಿ ಬರಬಹುದು. ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಸುಮಾರು ಒಂದು ಗಂಟೆಯ ದಾರಿ.

'ಹಿಸ್ ಡಾರ್ಕ್ ಮೆಟೀರಿಯಲ್ಸ್' ಮೂರು ಸಂಪುಟಗಳ ಕಥೆ. 1995ರಲ್ಲಿ 'ನಾರ್ದರ್ನ್ ಲೈಟ್ಸ್', 1997ರಲ್ಲಿ 'ದಿ ಸಟಲ್ ನೈಫ್', 2000ದಲ್ಲಿ 'ದಿ ಆಂಬರ್ ಸ್ಪೈಗ್ಲಾಸ್'. ಮೊದಲ ಸಂಪುಟದ ನಾಯಕಿ ಲೈರಾ ಇನ್ನೊಂದು ಆಕ್ಸ್‌ಫರ್ಡ್‌ನ ಹುಡುಗಿ. ಆ ಲೋಕದಲ್ಲಿ ಮನುಷ್ಯನ ಆತ್ಮ ದೇಹದೊಳಗೆ ಅಡಗಿರುವುದಿಲ್ಲ; ಪ್ರಾಣಿಯ ರೂಪದಲ್ಲಿ ಜೊತೆಜೊತೆಗೇ ಓಡಾಡುತ್ತದೆ, ಮಾತಾಡುತ್ತದೆ, ಜಗಳವಾಡುತ್ತದೆ. ಅದನ್ನು ಡೀಮನ್ ಎನ್ನುತ್ತಾರೆ. ಮಕ್ಕಳ ಡೀಮನ್ ಗಳಿಗೆಗೊಂದು ರೂಪ ತಾಳುತ್ತದೆ: ಈಗ ಪತಂಗ, ಇನ್ನೊಂದು ಕ್ಷಣಕ್ಕೆ ಇಲಿ, ಮರುಕ್ಷಣ ಹಕ್ಕಿ. ಬಾಲ್ಯ ಮುಗಿದಾಗ ಒಂದೇ ರೂಪದಲ್ಲಿ ನೆಲೆಗೊಳ್ಳುತ್ತದೆ. ಲೈರಾಳ ಡೀಮನ್‌ನ ಹೆಸರು ಪ್ಯಾಂಟಲೈಮನ್, ಅವಳ ಬಾಯಲ್ಲಿ ಪ್ಯಾನ್.

ನಾನು ಈ ಊರಿಗೆ ಬಂದದ್ದು ಮೂರನೆಯ ಸಂಪುಟದ ಕೊನೆಯ ಅಧ್ಯಾಯಕ್ಕಾಗಿ. ಅದರ ಹೆಸರೇ 'ಬೊಟಾನಿಕ್ ಗಾರ್ಡನ್'. ಇನ್ನೂ ಓದಿಲ್ಲದವರು ಇಲ್ಲಿಂದ ಮುಂದಕ್ಕೆ ಎಚ್ಚರಿಕೆಯಿಂದ ಬರಬೇಕು. ಮುಕ್ತಾಯವನ್ನು ಹೇಳದೆ ಆ ತೋಟವನ್ನು ಹೇಳಲಾಗದು.

ಬಹುಸಂಪುಟದ ಕಥೆಯನ್ನು ಪ್ರೀತಿಸಿದವರಿಗೆ ಕೊನೆಯ ಸಂಪುಟವನ್ನು ತೆರೆಯುವಾಗ ಒಂದು ಭಯ ಇದ್ದೇ ಇರುತ್ತದೆ. ನಮ್ಮ ಕುಮಾರವ್ಯಾಸ ಭಾರತವನ್ನು ಹತ್ತು ಪರ್ವಗಳಿಗೇ ನಿಲ್ಲಿಸಿದ. ಉಳಿದದ್ದನ್ನು ತಿಮ್ಮಣ್ಣ ಕವಿ ಕೃಷ್ಣದೇವರಾಯನ ಕಾಲದಲ್ಲಿ ಪೂರೈಸಿದ. ಯುದ್ಧವನ್ನು ಹಾಡುವುದಕ್ಕಿಂತ ಯುದ್ಧದ ನಂತರ ಬದುಕುಳಿದವರನ್ನು ಏನು ಮಾಡಬೇಕೆನ್ನುವುದು ಕಷ್ಟ. ಎಲ್ಲ ದಾರಗಳನ್ನೂ ಗಂಟು ಹಾಕಬೇಕು, ಹಾಕಿದ ಗಂಟು ಬಲವಂತದ್ದು ಅನ್ನಿಸಬಾರದು. 'ದಿ ಆಂಬರ್ ಸ್ಪೈಗ್ಲಾಸ್' ಅದನ್ನು ಸಾಧಿಸಿದ ಪುಸ್ತಕ. ಮಕ್ಕಳಿಗಾಗಿ ಬರೆದ ಪುಸ್ತಕವೊಂದು ವಿಟ್‌ಬ್ರೆಡ್ ವರ್ಷದ ಪುಸ್ತಕ ಪ್ರಶಸ್ತಿಯನ್ನು ಗೆದ್ದದ್ದು ಅದೇ ಮೊದಲು. 2001ರ ಸಾಲಿನ ಪ್ರಶಸ್ತಿ ಅದು.

ಬಸ್ಸು ಹಿಡಿದು ಊರ ನಡುವಿಗೆ ಬಂದೆ. ಟರ್ಲ್ ಸ್ಟ್ರೀಟ್ ಎಂಬ ಇಕ್ಕಟ್ಟಿನ ಬೀದಿಯಲ್ಲಿ ಎಕ್ಸಿಟರ್ ಕಾಲೇಜಿದೆ, 1314ರಲ್ಲಿ ಸ್ಥಾಪನೆಯಾದದ್ದು. ಪುಲ್‌ಮನ್ ಇಂಗ್ಲಿಷ್ ಸಾಹಿತ್ಯ ಓದಿದ್ದು ಇಲ್ಲಿ. ಲೈರಾ ಬೆಳೆದ ಜೋರ್ಡನ್ ಕಾಲೇಜನ್ನು ಅವರು ತಮ್ಮ ಲೋಕದ ನಕ್ಷೆಯಲ್ಲಿ ಇದೇ ಜಾಗದಲ್ಲಿ ಕಟ್ಟಿದರು. ತಾವು ಓದಿದ ಕಾಲೇಜನ್ನು ಹತ್ತಾರು ಪಟ್ಟು ಹಿಗ್ಗಿಸಿ, ನೆಲಮಾಳಿಗೆಗಳನ್ನು ಆಳಕ್ಕೆ ಇಳಿಸಿ, ಛಾವಣಿಗಳ ಮೇಲೆ ಒಬ್ಬ ತುಂಟ ಹುಡುಗಿಯನ್ನು ಓಡಲು ಬಿಟ್ಟರು. ನಿಜದ ಕಾಲೇಜು ಪುಟ್ಟದು. ಹಿಂಭಾಗದ ಫೆಲೋಸ್ ಗಾರ್ಡನ್ನಿನ ತುದಿಯ ದಿಬ್ಬ ಏರಿದರೆ ಗೋಡೆಯಾಚೆ ರ‍್ಯಾಡ್‌ಕ್ಲಿಫ್ ಕ್ಯಾಮೆರಾದ ಗುಮ್ಮಟ ಕೈಗೆಟುಕುವಷ್ಟು ಹತ್ತಿರ ಎದ್ದು ನಿಲ್ಲುತ್ತದೆ. ಅಲ್ಲಿ ನಿಂತು ಮೇಲಿನ ಛಾವಣಿಗಳ ಸಾಲನ್ನು ನೋಡುತ್ತ, ಇವುಗಳ ಮೇಲೆ ಓಡಬಹುದೆಂದು ಇಪ್ಪತ್ತರ ಹುಡುಗನೊಬ್ಬನಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವೇನಿದೆ ಎಂದುಕೊಂಡೆ. ಇದೇ ಕಾಲೇಜಿನಲ್ಲಿ 1911ರಿಂದ 1915ರವರೆಗೆ ಓದಿದ ಇನ್ನೊಬ್ಬ ವಿದ್ಯಾರ್ಥಿ ಜೆ.ಆರ್.ಆರ್. ಟೋಲ್ಕಿನ್. ಅವರ ಹೆಸರು ಇನ್ನೊಮ್ಮೆ ಬರುತ್ತದೆ, ಒಂದು ಮರದ ನೆಪದಲ್ಲಿ.

ಪಿಟ್ ರಿವರ್ಸ್ ಮ್ಯೂಸಿಯಂಗೂ ಹೋಗಿಬಂದೆ. ಎರಡನೆಯ ಸಂಪುಟದಲ್ಲಿ ವಿಲ್‌ನೊಂದಿಗೆ ಅವನ ಆಕ್ಸ್‌ಫರ್ಡ್‌ಗೆ ಬಂದ ಲೈರಾ ರಂಧ್ರ ಕೊರೆದ ತಲೆಬುರುಡೆಗಳನ್ನು ನೋಡುವ ಜಾಗ ಇದು. ಪ್ರದರ್ಶನದಲ್ಲಿದ್ದ ಮಾನವ ಅವಶೇಷಗಳನ್ನು 2020ರಲ್ಲಿ ತೆಗೆದರು. ಒಳ್ಳೆಯದೇ ಆಯಿತು, ಆ ತಲೆಗಳೂ ಒಂದು ಕಾಲಕ್ಕೆ ಯಾರವೋ ಆಗಿದ್ದವು.

ಹೈ ಸ್ಟ್ರೀಟ್ ಮೆಲ್ಲಗೆ ಬಾಗುತ್ತ ಚೆರ್ವೆಲ್ ನದಿಯ ಕಡೆಗೆ ಇಳಿಯುತ್ತದೆ. ಸೇತುವೆಗೆ ಮುಂಚೆ ಎಡಗಡೆ ಮೋಡ್ಲಿನ್ ಕಾಲೇಜಿನ ಗೋಪುರ, ಬಲಗಡೆ ತೋಟದ ದ್ವಾರ. ಈ ರಸ್ತೆಯ ಎರಡು ಬದಿಗಳ ನಡುವೆ ನಾನು ತುಂಬ ಹೊತ್ತು ನಿಂತಿದ್ದೆ. ಮೋಡ್ಲಿನ್‌ನಲ್ಲಿ 1925ರಿಂದ 1954ರವರೆಗೆ ಫೆಲೋ ಆಗಿದ್ದವರು ಸಿ.ಎಸ್. ಲೂಯಿಸ್, ನಾರ್ನಿಯಾದ ಕರ್ತೃ. ನಾರ್ನಿಯಾದ ಕೊನೆಯ ಪುಸ್ತಕ 'ದಿ ಲಾಸ್ಟ್ ಬ್ಯಾಟಲ್' 1956ರಲ್ಲಿ ಬಂತು. ಅದರಲ್ಲಿ ಮಕ್ಕಳು ರೈಲು ಅಪಘಾತದಲ್ಲಿ ಸತ್ತು ಶಾಶ್ವತ ಲೋಕವನ್ನು ಸೇರುತ್ತಾರೆ. ಸೂಸನ್ ಒಬ್ಬಳು ಹೊರಗುಳಿಯುತ್ತಾಳೆ. ಅವಳಿಗೆ ಈಗ ಲಿಪ್‌ಸ್ಟಿಕ್, ನೈಲಾನ್ ಕಾಲುಚೀಲ, ಪಾರ್ಟಿಗಳ ಆಹ್ವಾನವೇ ಮುಖ್ಯ ಎಂದು ಉಳಿದವರು ಹೇಳುತ್ತಾರೆ. ಅಂದರೆ ಅವಳು ದೊಡ್ಡವಳಾದಳು. ಪುಲ್‌ಮನ್ ಇದನ್ನು ಬಹಿರಂಗವಾಗಿ, ಸಿಟ್ಟಿನಿಂದ ವಿರೋಧಿಸಿದರು. ಲೂಯಿಸರ ಭಾಷೆಯ ಸೊಗಸನ್ನು ಮೆಚ್ಚುವ ನಾನು ಸೂಸನ್ ವಿಷಯದಲ್ಲಿ ಪೂರಾ ಪುಲ್‌ಮನ್ ಪಕ್ಷ. ಬೆಳೆಯುವುದನ್ನು ಮಕ್ಕಳ ತಪ್ಪೆಂದು ಎಣಿಸುವ ಕಥೆ ಮಕ್ಕಳಿಗೆ ಅನ್ಯಾಯ ಮಾಡುತ್ತದೆ.

ಇದೇ ಮೋಡ್ಲಿನ್‌ಗೆ 1960ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಬಂದವರು ಗಿರೀಶ್ ಕಾರ್ನಾಡರು. ಹೊರಡುವ ಮುನ್ನಿನ ದಿನಗಳಲ್ಲಿ ಅವರೊಳಗಿನಿಂದ ಕನ್ನಡದಲ್ಲೇ ಹೊರಬಂದದ್ದು 'ಯಯಾತಿ': ಮುಪ್ಪನ್ನು ಒಪ್ಪದ ತಂದೆ, ಅದನ್ನು ಹೊತ್ತುಕೊಂಡ ಮಗ ಪುರು. ಕಾಲವನ್ನು ತಡೆಯಹೊರಟವನ ಮನೆ ಹೇಗೆ ಉರಿದುಹೋಗುತ್ತದೆ ಎಂಬುದನ್ನು ಕಂಡಿದ್ದ ಕನ್ನಡದ ಹುಡುಗ ಈ ಗೋಪುರದ ಕೆಳಗೆ ಓಡಾಡಿದ್ದ. ರಸ್ತೆಯ ಈ ಬದಿಗೆ ಸೂಸನ್‌ಳನ್ನು ಹೊರಗಿಟ್ಟ ಪುಸ್ತಕ, ಆ ಬದಿಗೆ ಲೈರಾಳನ್ನು ದೊಡ್ಡವಳಾಗಿಸಿದ ಪುಸ್ತಕ, ನಡುವೆ ನಮ್ಮ ಪುರು. ನನಗೆ ಮೈ ಜುಮ್ಮೆಂದಿತು.

ತೋಟದ ಕಥೆಯೇ ಒಂದು ಕಾದಂಬರಿ. ಬ್ರಿಟನ್ನಿನ ಅತ್ಯಂತ ಹಳೆಯ ಸಸ್ಯೋದ್ಯಾನ ಇದು. 1621ರಲ್ಲಿ, ಮುಂದೆ ಡ್ಯಾನ್ಬಿಯ ಅರ್ಲ್ ಆದ ಹೆನ್ರಿ ಡ್ಯಾನ್ವರ್ಸ್ ಐದು ಸಾವಿರ ಪೌಂಡ್ ಕೊಟ್ಟು ಔಷಧಿ ಗಿಡಗಳಿಗೆಂದು ಶುರುಮಾಡಿಸಿದ್ದು. ನದಿಯ ನೆರೆ ಬರುವ ತಗ್ಗಾದ್ದರಿಂದ 4000 ಗಾಡಿ ಗೊಬ್ಬರ ಸುರಿದು ನೆಲ ಎತ್ತರಿಸಿದರು. ಗೋಡೆಗೂ ಕಲ್ಲಿನ ಭವ್ಯ ದ್ವಾರಕ್ಕೂ ಹಣವೆಲ್ಲ ಹರಿದು, ಗಿಡ ನೋಡಿಕೊಳ್ಳುವ ಜೇಕಬ್ ಬೋಬಾರ್ಟ್ ನೇಮಕವಾದದ್ದು 1642ರಲ್ಲಿ. ಆತ 1645ರಲ್ಲಿ ನೆಟ್ಟ ಯೂ ಮರ ಇನ್ನೂ ಇದೆ, ತೋಟದ ಹಿರಿಯ ಮರ ಅದು. ಇದಕ್ಕೂ ಹಿಂದೆ, 1290ರಲ್ಲಿ ಯಹೂದಿಗಳನ್ನು ಇಂಗ್ಲೆಂಡಿನಿಂದಲೇ ಹೊರಹಾಕುವವರೆಗೆ, ಇಲ್ಲಿ ಅವರ ರುದ್ರಭೂಮಿ ಇತ್ತು. ದ್ವಾರದ ಹೊರಗಿನ ಗುಲಾಬಿ ತೋಟದ ಬಳಿ ಅದರ ಸ್ಮಾರಕಶಿಲೆಯಿದೆ. ಸತ್ತವರನ್ನು ಬಿಡುಗಡೆ ಮಾಡುವ ಕಥೆ ಬಂದು ಮುಗಿದ ನೆಲದಡಿಯಲ್ಲಿ ಹೆಸರಳಿದ ಸತ್ತವರು ಮಲಗಿದ್ದಾರೆ.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದಕ್ಕೆ ಹೋಗಲಾರೆ. ಸಿಸಿಲಿಯ ಎಟ್ನಾ ಜ್ವಾಲಾಮುಖಿಯ ಇಳಿಜಾರಿನ ಹಳದಿ ಹೂವಿನ ಒಂದು ಗಿಡವನ್ನು ಇಲ್ಲಿ ಬೆಳೆಸಿದ್ದರು. ಅದು ಗೋಡೆ ದಾಟಿ ಊರಿನ ಕಲ್ಲುಸಂದಿಗಳನ್ನು ಹಿಡಿಯಿತು. 1844ರಲ್ಲಿ ರೈಲು ಬಂತು. ಹಳಿಗಳ ನಡುವಿನ ಕಿಟ್ಟದ ಹಾಸು ಅದಕ್ಕೆ ತವರಿನ ಲಾವಾ ನೆಲದಂತೆಯೇ ಒಗ್ಗಿತು; ಓಡುವ ರೈಲಿನ ಗಾಳಿಗೆ ಬೀಜ ತೇಲುತ್ತ ದೇಶದುದ್ದಕ್ಕೂ ಹಬ್ಬಿತು. ಈಗ ಅದರ ಹೆಸರೇ ಆಕ್ಸ್‌ಫರ್ಡ್ ರ‍್ಯಾಗ್‌ವರ್ಟ್. ಊರಿಗೆ ಬರುವಾಗ ಹಳಿಯ ಪಕ್ಕದಲ್ಲಿ ಅದರ ಹಳದಿಯನ್ನು ನೋಡುತ್ತಲೇ ಬಂದಿದ್ದೆ.

ಕಾದಂಬರಿಯಲ್ಲಿ ಲೈರಾ ವಿಲ್‌ನನ್ನು ಕರೆದೊಯ್ದ ದಾರಿಯಲ್ಲೇ ನಡೆದೆ: ಕಾರಂಜಿಯ ಕೊಳ, ಗಿಡದ ಪಾತಿಗಳು, ಕಲ್ಲುಗೋಡೆಯ ಕಿಂಡಿಬಾಗಿಲು. ಆ ದಾರಿಯಲ್ಲಿ ಪುಲ್‌ಮನ್ ಹಲವು ಕಾಂಡಗಳ ದೈತ್ಯ ಪೈನ್ ಮರವೊಂದನ್ನು ಹೇಳುತ್ತಾರೆ. ತೋಟದ ಕಪ್ಪು ಪೈನ್ ಅದು, ಟೋಲ್ಕಿನ್‌ಗೆ ಬಹಳ ಪ್ರಿಯವಾಗಿದ್ದ ಮರ. 1973ರ ಆಗಸ್ಟ್‌ನಲ್ಲಿ, ಸಾವಿಗೆ ಕೆಲವೇ ವಾರಗಳ ಮುಂಚೆ, ಅವರು ಅದರ ಪಕ್ಕ ನಿಂತು ಮೊಮ್ಮಗನಿಂದ ಚಿತ್ರ ತೆಗೆಸಿಕೊಂಡಿದ್ದರು. 2014ರ ಬೇಸಿಗೆಯಲ್ಲಿ ಎರಡು ದೊಡ್ಡ ಕೊಂಬೆಗಳು ಮುರಿದು ಬಿದ್ದವು; ಮರವನ್ನು ಕಡಿಯಲೇಬೇಕಾಯಿತು. ಒಂದೇ ಕಾಲೇಜಿನಲ್ಲಿ ಅರ್ಧ ಶತಮಾನದ ಅಂತರದಲ್ಲಿ ಓದಿದ ಇಬ್ಬರು ಲೋಕಕರ್ತರ ನಡುವೆ ಒಂದು ಮರದ ನಂಟು. ಒಬ್ಬರ ಕೊನೆಯ ಚಿತ್ರದಲ್ಲಿ ಅದಿದೆ, ಇನ್ನೊಬ್ಬರ ಕೊನೆಯ ಅಧ್ಯಾಯದಲ್ಲಿದೆ, ಈಗ ಅದು ನಿಂತಿರುವುದು ಆ ಎರಡು ಕಡೆ ಮಾತ್ರ.

ಕಿರುಸೇತುವೆಯಾಚೆ, ತೋಟದ ಕೊನೆಯಲ್ಲಿ, ಬೆಂಚು.

ಸಾಮಾನ್ಯ ಮರದ ಬೆಂಚು. ಹಲಗೆಗಳ ಮೇಲೆ ನಾನಾ ಕೈಗಳು ಕೆತ್ತಿದ ಎರಡೇ ಹೆಸರು: ಲೈರಾ, ವಿಲ್. ಹಿಂದೆ 2019ರಲ್ಲಿ ಜೂಲಿಯನ್ ವಾರೆನ್ ಮಾಡಿದ ಶಿಲ್ಪ: ಒಂದು ಪೈನ್ ಮಾರ್ಟನ್, ಒಂದು ಬೆಕ್ಕು. ಪ್ಯಾನ್ ಕೊನೆಗೆ ನೆಲೆಗೊಳ್ಳುವುದು ಪೈನ್ ಮಾರ್ಟನ್ ಆಗಿ. ನಮ್ಮ ಕೊಡಗಿನ ಕಾಡಿನಲ್ಲಿ ಅಪರೂಪಕ್ಕೆ ಕಾಣುವ ನೀಲಗಿರಿ ಮಾರ್ಟನ್ನಿನ ದಾಯಾದಿ ಅದು. ಬೆಕ್ಕು ವಿಲ್‌ನ ಡೀಮನ್, ಕಿರ್ಯಾವಾ. ನಾನು ಹೋದದ್ದು ಜೂನ್ 24ರಂದು, ಇಂಗ್ಲೆಂಡಿನ ನಡುಬೇಸಿಗೆಯ ದಿನ. ಲೈರಾ ಮತ್ತು ವಿಲ್ ಪ್ರತಿವರ್ಷ ಇದೇ ದಿನ ಮಧ್ಯಾಹ್ನ ಹನ್ನೆರಡಕ್ಕೆ ತಂತಮ್ಮ ಲೋಕದ ಇದೇ ಬೆಂಚಿಗೆ ಬಂದು ಒಂದು ಗಂಟೆ ಕೂರುವೆವೆಂದು ಮಾತು ಕೊಟ್ಟು ಅಗಲಿದವರು. ಒಬ್ಬರಿಗೊಬ್ಬರು ಕಾಣುವುದಿಲ್ಲ, ಕೇಳುವುದಿಲ್ಲ. ಜಾಗ ಒಂದೇ ಎಂಬ ಅರಿವು ಮಾತ್ರ.

ಇದು ಯಾಕೆ ಇಷ್ಟು ಸರಿಯಾದ ಮುಕ್ತಾಯ? ಬೆಂಚಿನ ಸರದಿಗಾಗಿ ಹುಲ್ಲಿನ ಮೇಲೆ ಕಾಯುತ್ತ ಅದನ್ನೇ ಯೋಚಿಸಿದೆ. ಅವರಿಬ್ಬರನ್ನು ಅಗಲಿಸುವ ಪ್ರತಿಯೊಂದು ನಿಯಮವನ್ನೂ ಪುಲ್‌ಮನ್ ಮೊದಲೇ ಕಥೆಯೊಳಗೆ ಇಟ್ಟಿದ್ದಾರೆ. ತನ್ನದಲ್ಲದ ಲೋಕದಲ್ಲಿ ಹತ್ತು ವರ್ಷ ಕಳೆದವನು ಸೊರಗಿ ಸಾಯುತ್ತಾನೆಂಬುದನ್ನು ವಿಲ್‌ನ ತಂದೆಯ ರೋಗಪೀಡಿತ ಮೈಯಲ್ಲಿ ಎರಡನೆಯ ಸಂಪುಟದಲ್ಲೇ ತೋರಿಸಿದ್ದಾರೆ. ಲೋಕಗಳ ನಡುವೆ ಕಿಟಕಿ ತೆರೆಯಲು ವಿಲ್ ಬಳಸುವ ಚಾಕು ಕೊರೆದ ಪ್ರತಿ ಕಿಟಕಿಯೂ ಒಂದು ಪ್ರೇತವನ್ನು ಹುಟ್ಟಿಸುತ್ತದೆ. ಪ್ರತಿ ಕಿಟಕಿಯಿಂದಲೂ 'ಡಸ್ಟ್' ಸೋರಿಹೋಗುತ್ತದೆ. ಡಸ್ಟ್ ಎಂದರೆ ಅರಿವಿನ ಕಣ, ಯೋಚಿಸುವ ಜೀವಿಗಳಿಂದ ಹುಟ್ಟಿ ಅವರನ್ನೇ ಬೆಳಗುವ ಬೆಳಕು. ಎಲ್ಲ ಕಿಟಕಿಗಳನ್ನೂ ಮುಚ್ಚಬೇಕು. ಮನುಷ್ಯರು ಕಲಿಯುತ್ತ, ಕರುಣೆ ತೋರುತ್ತ, ಹೊಸ ಡಸ್ಟ್ ತುಂಬಿಕೊಟ್ಟರೆ ಒಂದೇ ಒಂದನ್ನು ತೆರೆದಿಡಬಹುದು ಎಂದು ದೇವದೂತೆ ಹೇಳುತ್ತಾಳೆ.

ಓದುಗನ ಎದೆ ಒಂದು ಕ್ಷಣ ಹಗುರಾಗುತ್ತದೆ. ಒಂದು ಸಾಕಲ್ಲ, ಇಬ್ಬರಿಗೆ!

ಆದರೆ ಆ ಒಂದು ಕಿಟಕಿಯನ್ನು ಈ ಮಕ್ಕಳೇ ಅಷ್ಟರಲ್ಲಿ ಕೊಟ್ಟುಬಿಟ್ಟಿದ್ದಾರೆ. ತನ್ನಿಂದಾಗಿ ಸತ್ತ ಗೆಳೆಯ ರೋಜರ್‌ನ ಕ್ಷಮೆ ಕೇಳಲು ಲೈರಾ ಸತ್ತವರ ಲೋಕಕ್ಕೆ ಇಳಿದಿದ್ದಳು. ಅಲ್ಲಿ ಲೆಕ್ಕವಿಲ್ಲದ ನೆರಳುಗಳು ಬೂದುಬಣ್ಣದ ಬಯಲಿನಲ್ಲಿ ಕೊಳೆಯುತ್ತಿದ್ದವು. ಕಾವಲಿಗೆ ಹಾರ್ಪಿಗಳೆಂಬ ಕ್ರೂರ ಪಕ್ಷಿಗಳು. ಲೈರಾ ಸುಳ್ಳು ಕಥೆ ಹೇಳಿದಾಗ ಮೇಲೆರಗಿದ ಆ ಪಕ್ಷಿಗಳು, ಅವಳು ತನ್ನ ನಿಜದ ಬಾಲ್ಯವನ್ನು ಹೇಳಿದಾಗ ಸುತ್ತ ಕುಳಿತು ಕೇಳಿದವು. ಅಲ್ಲಿ ಒಪ್ಪಂದವಾಯಿತು: ಬದುಕಿನಲ್ಲಿ ಕಂಡದ್ದನ್ನು, ಮುಟ್ಟಿದ್ದನ್ನು, ಪ್ರೀತಿಸಿದ್ದನ್ನು ನಿಜವಾಗಿ ಹೇಳುವ ಪ್ರತಿಯೊಬ್ಬ ಸತ್ತವನಿಗೂ ಹಾರ್ಪಿಗಳು ಹೊರದಾರಿ ತೋರಿಸಬೇಕು. ವಿಲ್ ಕಿಟಕಿ ಕೊರೆದ. ಮೊದಲು ಹೊರಬಂದವನು ರೋಜರ್. ಗಾಳಿಯಲ್ಲಿ, ಇಬ್ಬನಿಯಲ್ಲಿ, ನಗುತ್ತ ಕರಗಿಹೋದ. ತೆರೆದಿಡಬಹುದಾದ ಒಂದೇ ಕಿಟಕಿ ಅದು. ಅದನ್ನು ಮುಚ್ಚಿ ತಮಗೊಂದು ತೆರೆದುಕೊಳ್ಳೋಣವೆಂದು ಅವರಿಬ್ಬರಿಗೆ ಹೇಳಲು ಬಾಯಿ ಬರುವುದಿಲ್ಲ. ಅವರ ಒಳ್ಳೆಯತನವೇ ಅವರ ಅಗಲಿಕೆಗೆ ಕಾರಣ, ಮತ್ತು ಕಥೆಯಲ್ಲಿ ಅವರು ಅತ್ಯಂತ ಸಂತೋಷದಿಂದ ಮಾಡಿದ ಕೆಲಸವೂ ಅದೇ. ಓದುತ್ತಿದ್ದಾಗ ಅತ್ತಿದ್ದೆ, ಒಂದು ಸಾಲೂ ಬೇರೆ ಥರ ಇರಲಿ ಎನ್ನಿಸಲಿಲ್ಲ.

ಇಷ್ಟಾದ ಮೇಲೆ ಲೈರಾ ಮಾಡುವುದೇನು? ಬಾಲ್ಯದಲ್ಲಿ ಸಹಜವಾಗಿ ಒಲಿದಿದ್ದ ವಿದ್ಯೆ, ಸತ್ಯ ಹೇಳುವ ಯಂತ್ರ ಅಲೆಥಿಯೋಮೀಟರ್ ಅನ್ನು ಓದುವ ವಿದ್ಯೆ, ಬಾಲ್ಯದೊಂದಿಗೇ ಕೈಬಿಟ್ಟಿದೆ. ಇನ್ನು ಅದನ್ನು ಪುಸ್ತಕ ಹಿಡಿದು, ವರ್ಷಗಟ್ಟಲೆ ಕಲಿಯಬೇಕು. ಅವಳು ಶಾಲೆಗೆ ಸೇರಲು ಒಪ್ಪುತ್ತಾಳೆ. ಪುಲ್‌ಮನ್ ಆಕ್ಸ್‌ಫರ್ಡ್‌ನ ಶಾಲೆಗಳಲ್ಲಿ ಮೇಷ್ಟರಾಗಿದ್ದವರು, ಹೋಮರನ ಕಥೆಗಳನ್ನು ಮಕ್ಕಳಿಗೆ ಬಾಯಲ್ಲೇ ಹೇಳುತ್ತಿದ್ದವರು. ಮಹಾಯುದ್ಧ, ದೇವಲೋಕದ ಪತನ ಎಲ್ಲ ಆದಮೇಲೆ ನಾಯಕಿಯನ್ನು ತರಗತಿಗೆ ಕಳಿಸುವ ಧೈರ್ಯ ಮೇಷ್ಟರಿಗಲ್ಲದೆ ಇನ್ಯಾರಿಗೆ ಬರಬೇಕು! ಮಿಲ್ಟನ್ನನ ಮಹಾಕಾವ್ಯದಿಂದ ಇಡೀ ಸರಣಿಗೆ ಹೆಸರು ಪಡೆದವರು, ಅದೇ ಕಾವ್ಯದ ಈವ್‌ಳ ಕಥೆಯನ್ನು ಮಗುಚಿ ಹಾಕಿದರು: ಹಣ್ಣು ತಿಂದದ್ದು ಪತನವಲ್ಲ, ಓದು ಶುರುವಾದ ದಿನ.

ಹನ್ನೆರಡು ಹೊಡೆಯಿತು. ಸುತ್ತ ಇದ್ದವರು ಮಾತು ನಿಲ್ಲಿಸಿದರು. ಯಾರೂ ಯಾರಿಗೂ ಸೂಚನೆ ಕೊಟ್ಟಿರಲಿಲ್ಲ. ಬೆಂಚಿನ ಅರ್ಧವನ್ನು ಎಲ್ಲರೂ ಖಾಲಿ ಬಿಟ್ಟಿದ್ದರು. ಕುಳಿತವರು ಒಂದು ಕೊನೆಗೆ ಸರಿದು ಕೂರುತ್ತಿದ್ದರು. ನನ್ನ ಸರದಿ ಬಂದಾಗ ನಾನೂ ಹಾಗೆಯೇ ಸರಿದೆ. ಪಕ್ಕದ ಖಾಲಿ ಹಲಗೆ ಬಿಸಿಲಿಗೆ ಕಾದಿತ್ತು. ನಾವು ವಿಲ್‌ನ ಲೋಕದವರು, ನಮಗೆ ಸಿಕ್ಕಿರುವುದು ಈ ಅರ್ಧ. ಪುಸ್ತಕ ಮುಗಿದರೂ ಅದರ ಕೊನೆಯ ಪುಟದೊಳಗೆ ಕುಳಿತುಕೊಳ್ಳಲು ಓದುಗನಿಗೊಂದು ಜಾಗ ಬಿಟ್ಟ ಇನ್ನೊಂದು ಕಥೆಯನ್ನು ನಾನು ಕಂಡಿಲ್ಲ.

ನನ್ನ ನಂತರ ಒಬ್ಬ ತಾಯಿ ಮತ್ತು ಸುಮಾರು ಹತ್ತು ವರ್ಷದ ಮಗಳು ಕುಳಿತರು. ಎದ್ದ ಮೇಲೆ ಹುಡುಗಿ ನನ್ನ ಬಳಿ ಬಂದು, ನಿಮ್ಮ ಊರಿನಲ್ಲಿ ಇಂಥ ಕಥೆ ಇದೆಯೇ ಎಂದು ಕೇಳಿದಳು. ಹುಲ್ಲಿನ ಮೇಲೆ ಕೂತು ಧರ್ಮರಾಯನ ಕಥೆ ಹೇಳಿದೆ. ತಮ್ಮಂದಿರು, ಹೆಂಡತಿ ಎಲ್ಲ ಸ್ವರ್ಗದ ದಾರಿಯಲ್ಲಿ ಬಿದ್ದುಹೋಗಿ, ಜೊತೆಗೆ ಉಳಿದದ್ದು ಒಂದು ನಾಯಿ. ಇಂದ್ರ ರಥ ತಂದ. ನಾಯಿಗೆ ಜಾಗವಿಲ್ಲ ಎಂದ. ನಾಯಿಯಿಲ್ಲದೆ ನಾನು ಬರುವುದಿಲ್ಲ ಎಂದ ರಾಜ. ಆಮೇಲೆ ನೋಡಿದರೆ ನಾಯಿ ಸಾಕ್ಷಾತ್ ಧರ್ಮದೇವತೆ, ಅವನ ತಂದೆ.

"ಅದು ಅವನ ಡೀಮನ್!" ಹುಡುಗಿ ಕೂಗಿದಳು.

ನನಗೆ ಹೊಳೆದೇ ಇರಲಿಲ್ಲ. ಸತ್ತವರ ಲೋಕಕ್ಕೆ ಹೋಗುವ ದೋಣಿಯಲ್ಲಿ ಡೀಮನ್‌ಗಳಿಗೆ ಜಾಗವಿಲ್ಲ. ಲೈರಾ ಪ್ಯಾನ್‌ನನ್ನು ದಡದ ಮೇಲೆ ಬಿಟ್ಟು ಹೋಗುತ್ತಾಳೆ. ಇಡೀ ಸರಣಿಯಲ್ಲಿ ಅದಕ್ಕಿಂತ ಕರುಳು ಹಿಂಡುವ ಪುಟ ಇಲ್ಲ.

"ನಿಮ್ಮ ರಾಜ ಆ ದೋಣಿ ಹತ್ತುತ್ತಿದ್ದನೇ?"

"ಹತ್ತುತ್ತಿರಲಿಲ್ಲ," ಎಂದರು ತಾಯಿ.

ನಾನು ಕಥೆಯ ಉಳಿದ ಭಾಗ ಹೇಳಿದೆ: ಅದೇ ರಾಜ ನರಕದಲ್ಲಿ ತಮ್ಮಂದಿರ ದನಿ ಕೇಳಿ, ಸ್ವರ್ಗವೇ ಬೇಡ, ಇಲ್ಲೇ ಇರುತ್ತೇನೆ ಎಂದು ನಿಂತುಬಿಟ್ಟವನು. ಹಾಗಾಗಿ ದೋಣಿಯನ್ನೂ ಬಿಡುತ್ತಿರಲಿಲ್ಲ, ನಾಯಿಯನ್ನೂ ಬಿಡುತ್ತಿರಲಿಲ್ಲ. ಇಂದ್ರನಿಗೆ ಹೇಳಿದ್ದನ್ನೇ ಅಂಬಿಗನಿಗೂ ಹೇಳಿ, ಅವನು ಒಪ್ಪುವವರೆಗೂ ದಡದ ಮೇಲೇ ನಿಂತಿರುತ್ತಿದ್ದ.

ಹುಡುಗಿ ಹುಬ್ಬು ಗಂಟಿಕ್ಕಿ ಸ್ವಲ್ಪ ಹೊತ್ತು ಯೋಚಿಸಿದಳು.

"ಅಲ್ಲೀವರೆಗೆ ರೋಜರ್ ಕಾಯ್ತಾನೇ ಇರಬೇಕಲ್ಲ?" ಎಂದಳು.